ಹೊನ್ನಯ್ಯನ ಚೆಂಡು

ಯುದ್ಧ ಮುಗಿದಿತ್ತು, ರೇಷನ್ನು ಮುಗಿದಿರಲಿಲ್ಲ. ಸೀಮೆಎಣ್ಣೆಗಾಗಿ ಜನ ಮಳವಳ್ಳಿಯ ಅಂಗಡಿ ಮುಂದೆ ಬಾಟಲಿ ಹಿಡಿದು ಅರ್ಧ ದಿನ ನಿಲ್ಲುತ್ತಿದ್ದ ಆ ಕಾರ್ತೀಕದಲ್ಲಿ, ಅಮೆರಿಕದ ದೊರೆಯೊಬ್ಬ ಜೀಪಿನಲ್ಲಿ ಪವರ್‌ಹೌಸಿನವರ ಬೀಡಾದ ಬ್ಲಫ್‌ಗೆ ಬಂದು, ಇಲ್ಲಿ ಒಂದು ಹಳೆಯ ಚೆಂಡು ಇದೆಯೇ ಎಂದು ಕೇಳಿದ. ಕೇಳಿದ್ದು ಯಾರನ್ನು? ಬಂಗಲೆಯ ಕಾವಲುಗಾರ ಮಾದಯ್ಯನನ್ನು. ಶಿವನಸಮುದ್ರದ ಸುತ್ತ ಹತ್ತು ಹಳ್ಳಿಗಳಲ್ಲಿ ಆ ಪ್ರಶ್ನೆ ಕೇಳಬಾರದಾಗಿದ್ದ ಮನುಷ್ಯ ಒಬ್ಬನೇ ಇದ್ದ. ದೊರೆ ಸರಿಯಾಗಿ ಅವನ ಮುಂದೆಯೇ ಜೀಪು ನಿಲ್ಲಿಸಿದ್ದ.

ದೊರೆಯ ಹೆಸರು ವಿಟ್ಮರ್. ಬೆಂಗಳೂರಿನ ದಂಡಿನಲ್ಲಿದ್ದವನು, ಊರಿಗೆ ಹೋಗುವ ಹಡಗಿಗೆ ಕಾಯುತ್ತಿದ್ದ. ಅವನ ಮಾತನ್ನು ಕನ್ನಡಕ್ಕೆ ತಿರುಗಿಸಲು ಮಂಡ್ಯದ ಗುಮಾಸ್ತ ಚಲುವರಾಜು ಜೊತೆಗೆ ಬಂದಿದ್ದ. ಕನ್ನಡಕ, ಕರಿ ಕೋಟು, ಕೈಯಲ್ಲೊಂದು ನೋಟುಪುಸ್ತಕ. ಮಾದಯ್ಯನಿಗೆ ದೊರೆಗಿಂತ ಆ ಪುಸ್ತಕವನ್ನು ಕಂಡರೇ ಹೆದರಿಕೆಯಾಯಿತು.

"ನೋಡಪ್ಪ, ಇವರ ದೇಶದಲ್ಲಿ ಬೇಸ್‌ಬಾಲ್ ಅಂತ ಒಂದು ಆಟ," ಎಂದ ಚಲುವರಾಜು. "ನಮ್ಮ ಚಿಣ್ಣಿದಾಂಡಿನ ಹಾಗೇ ಅಂದುಕೊ, ಚಿಣ್ಣಿ ಬದಲು ಚೆಂಡು. ಆ ಆಟದ ಹಳೇ ಸಾಮಾನನ್ನ ಇವರು ಹುಡುಕಿ ಹುಡುಕಿ ಕೂಡಿಡುತ್ತಾರೆ. ಇಲ್ಲಿ ಕರೆಂಟಿನ ಯಂತ್ರ ಕೂರಿಸೋಕೆ ಬಂದಿದ್ದ ಇವರ ಕಡೆ ಎಂಜಿನಿಯರುಗಳು ಅದನ್ನ ಆಡ್ತಿದ್ದರಂತೆ. ಅವರ ಒಂದು ಚೆಂಡು ಇಲ್ಲೇ ಉಳಿದುಹೋಯ್ತಂತೆ."

"ನಾ ಕಾಣೆ ಬುದ್ದಿ."

"ಹೊನ್ನಯ್ಯ ಅನ್ನೋರ ಮನೆ ಯಾವುದು?"

ಮಾದಯ್ಯ ಬೀಗದಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. "ಒನ್ನಯ್ಯ ಅನ್ನೋರು ಈ ಕಡೆ ಬೇಕಾದಂಗೆ ಅವ್ರೆ ಬುದ್ದಿ. ಯಾವ ಒನ್ನಯ್ಯ ಅಂತ ಏಳ್ಲಿ?"

"ನಲವತ್ತು ವರ್ಷದ ಹಿಂದೆ ಪೈಪು ಎಳೆಯೋ ಗುಂಪಿನಲ್ಲಿದ್ದವನು."

"ಅಂತೋನು ಯಾವನೂ ಇರ್ನಿಲ್ಲ ಬುದ್ದಿ."

ಒಡಹುಟ್ಟಿದ ಅಣ್ಣನನ್ನೇ ಅಂಥವನೊಬ್ಬ ಇರಲಿಲ್ಲ ಎಂದುಬಿಟ್ಟ ನಮ್ಮ ಮಾದಯ್ಯ. ನಾಲಿಗೆ ತೊದಲಲಿಲ್ಲ. ಚಲುವರಾಜು ಪುಸ್ತಕದಲ್ಲಿ ಏನನ್ನೋ ಗೀಚಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಕಥೆ ಎಲ್ಲರಿಗೂ ಗೊತ್ತು. ಮಾದಯ್ಯ ಕದ್ದವನಲ್ಲ, ಆದರೂ ಹೆಗಲು ಮುಟ್ಟಿಕೊಳ್ಳುವ ಅಭ್ಯಾಸ ಆ ಮನೆಯವರಿಗೆ ನಲವತ್ತಮೂರು ವರ್ಷದಿಂದ ಅಂಟಿಕೊಂಡಿತ್ತು.

ಅದು ಅಂಟಿದ್ದು ಹೀಗೆ. ಕಾವೇರಿಯ ನೀರನ್ನು ಕೊಳವೆಗಿಳಿಸಿ, ಕರೆಂಟು ಮಾಡಿ, ಕೋಲಾರದ ಚಿನ್ನದ ಗಣಿಗೆ ಕಳಿಸಬೇಕೆಂದು ಅಮೆರಿಕದ ಎಂಜಿನಿಯರುಗಳು ಬ್ಲಫ್‌ನಲ್ಲಿ ಬೀಡುಬಿಟ್ಟಿದ್ದ ಕಾಲ. ವಾರಕ್ಕೊಂದು ಸಂಜೆ ಬಂಗಲೆ ಹಿಂದಿನ ಬಯಲಿನಲ್ಲಿ ದಾಂಡು ಬೀಸಿ ಚೆಂಡಾಡುತ್ತಿದ್ದರು. ಅವರು ಇದ್ದದ್ದೇ ಒಂಬತ್ತು ಜನ, ಎದುರು ಆಡಲು ಇನ್ನೂ ಒಂಬತ್ತು ಜನ ಬೇಕು. ಪೈಪು ಎಳೆಯುವ ಕೂಲಿಗಳಲ್ಲಿ ಗಟ್ಟಿಮುಟ್ಟಾದವರನ್ನು ಆರಿಸಿಕೊಂಡರು. ಅವರಲ್ಲೊಬ್ಬ ಮಾದಯ್ಯನ ಅಣ್ಣ ಹೊನ್ನಯ್ಯ. ಇಪ್ಪತ್ತರ ಪ್ರಾಯ, ಆ ವರ್ಷವೇ ಮದುವೆಯಾಗಿತ್ತು. ಹಾರಿ ಬರುವ ಚಿಣ್ಣಿಯನ್ನು ಹಿಡಿದು ಹಿಡಿದು ಅಂಗೈ ಕಲ್ಲಾಗಿದ್ದವನು, ಚೆಂಡು ಅವನಿಗೆ ಯಾವ ಲೆಕ್ಕ.

ಹದಿಮೂರರ ಮಾದಯ್ಯ ಒಂದು ಸಂಜೆ ದನ ಹೊಡೆದುಕೊಂಡು ಬರುತ್ತಿದ್ದ. ಬಯಲಿನಾಚೆ ಹುಣಸೆಮರದ ಕೆಳಗೆ ಅಣ್ಣ ಒಬ್ಬನೇ ನಿಂತಿದ್ದ. ಅತ್ತಿತ್ತ ನೋಡಿದ, ಒಂದು ಚೆಂಡನ್ನು ಪಂಚೆಯ ಮಡಿಲಿಗೆ ಹಾಕಿಕೊಂಡ. ಮಾದಯ್ಯ ಕಂಡದ್ದು ಇಷ್ಟೇ. ಇಷ್ಟನ್ನೇ ಮನೆಗೆ ಬಂದು ಅಪ್ಪನ ಕಿವಿಗೆ ಹಾಕಿದ.

"ನಾ ಗೆದ್ದಿದ್ದು ಕಣಪ್ಪ, ದೊರೇನೇ ಕೊಟ್ಟ," ಎಂದ ಹೊನ್ನಯ್ಯ. ಅಪ್ಪ ನಂಬಲಿಲ್ಲ. ಮುರಿದ ಮೊಳೆಯನ್ನೂ ಎಣಿಸಿ ಪೆಟ್ಟಿಗೆಗೆ ಹಾಕಿಸುವ ಬಿಳಿಯರು ಕೂಲಿಯವನಿಗೆ ತೊಗಲಿನ ಚೆಂಡು ಕೊಡುತ್ತಾರೆಯೇ? ಹಿಂದಕ್ಕೆ ಕೊಟ್ಟು ಬಾ ಎಂದರೆ ಹೊನ್ನಯ್ಯ ಒಪ್ಪಲಿಲ್ಲ. ಅಷ್ಟರಲ್ಲಿ ಎಂಜಿನಿಯರುಗಳು ಕೆಲಸ ಮುಗಿಸಿ ಹೊರಟರು. ಕೂಲಿ ಮೇಸ್ತ್ರಿಯೊಬ್ಬ, ಬಂಗಲೆಯಲ್ಲಿ ಸಾಮಾನು ಕಾಣೆಯಾಗಿದೆಯಂತೆ ಎಂದು ಎಲ್ಲಿಯೋ ಆಡಿದ. ಊರಿಗೆ ಅಷ್ಟು ಸಾಕು. ಬೆಂಕಿ ಇಲ್ಲದೆ ಹೊಗೆ ಆಡೀತೇ ಎಂದರು. ಚೆಂಡುಗಳ್ಳನ ಮನೆ ಎಂಬ ಹೆಸರು ಬಿತ್ತು. ಹೊನ್ನಯ್ಯ ಅಪ್ಪನ ಮೇಲೆ ಮುನಿದು, ತಾನು ಎಳೆದ ಪೈಪಿನ ಕರೆಂಟು ಹೋದ ದಾರಿಯಲ್ಲೇ ಕೋಲಾರಕ್ಕೆ ಹೋದ. ಎರಡನೆಯ ವರ್ಷ ಪ್ಲೇಗು ಬಂದು ಅಲ್ಲೇ ಸತ್ತ.

ಹೋಗುವಾಗ ಚೆಂಡನ್ನು ಹೆಂಡತಿ ಬೆಟ್ಟಮ್ಮನ ಕೈಗೆ ಕೊಟ್ಟು, "ಇಂಗ್ಲೀಸು ಓದೋರು ಯಾರಾರ ಬಂದ್ರೆ ತೋರ್ಸು," ಎಂದಿದ್ದ. ಹದಿನಾರರ ಬೆಟ್ಟಮ್ಮ ಅದನ್ನು ಬಟ್ಟೆಯ ಚೀಲಕ್ಕೆ ಹಾಕಿ ರಾಗಿ ಗುಡಾಣದ ತಳದಲ್ಲಿಟ್ಟಳು. ಈಗ ಅವಳಿಗೆ ಐವತ್ತೊಂಬತ್ತಾದರೂ ಚೆಂಡು ಅಲ್ಲೇ ಇತ್ತು. ವರ್ಷಕ್ಕೊಮ್ಮೆ ಮಹಾನವಮಿಯಂದು ಕುಡುಗೋಲು, ಗುದ್ದಲಿಗಳ ಪಕ್ಕದಲ್ಲಿಟ್ಟು ಒಂದು ಹೂವು ಏರಿಸುವಳು, ಅದರ ಮೇಲಿನ ಮಸಿಯ ಗೀಟುಗಳನ್ನು ಬೆರಳಿನಿಂದ ತಡವುವಳು, ಮತ್ತೆ ಗುಡಾಣಕ್ಕೆ ಇಳಿಸುವಳು. ಒಂದು ವರ್ಷ ಬಾಗಿಲ ಮುಂದೆ ಆ ಗೀಟುಗಳನ್ನೇ ರಂಗೋಲಿ ಬಿಟ್ಟಿದ್ದಳು. ಮಾದಯ್ಯ ನೋಡಿ, ಯಾರಾದರೂ ಕಂಡಾರೆಂದು ಕಾಲಿನಲ್ಲಿ ಒರೆಸಿದ್ದ.

ನಲವತ್ತಮೂರು ವರ್ಷ ಆ ಬರಹವನ್ನು ಯಾರಿಂದಲೂ ಓದಿಸಲಿಲ್ಲವೇ ಎಂದು ನೀವು ಕೇಳಬಹುದು. ಓದಿಸಬೇಕೆಂದರೆ ತೋರಿಸಬೇಕು, ತೋರಿಸಿದರೆ ಸಿಕ್ಕಿಬಿದ್ದಂತೆ. ಮಾದಯ್ಯನ ಬುದ್ಧಿ ಅಷ್ಟಕ್ಕೇ ನಿಂತಿತ್ತು. ಅವನು ಈಗ ಬಂಗಲೆಯ ಬೀಗ ಕಾಯುವವನು, ಪೆನ್ಷನ್ನಿಗೆ ಎರಡು ವರ್ಷ ಉಳಿದಿತ್ತು. ಅದಕ್ಕಿಂತ ಹೆಚ್ಚಾಗಿ, ಮಗಳು ಪುಟ್ಟಮಾದಮ್ಮನನ್ನು ಮದ್ದೂರಿನ ರಾಮಲಿಂಗಯ್ಯನವರ ಮಗನಿಗೆ ಕೊಡುವುದೆಂದು ಗೊತ್ತಾಗಿತ್ತು. ಹೋದ ವರ್ಷ ಕೊಕ್ಕರೆ ಬೆಳ್ಳೂರಿನ ಕಡೆಯವರು ಹೆಣ್ಣು ಒಪ್ಪಿ, ಊರೊಳಗೆ ಚೆಂಡಿನ ಮಾತು ಕೇಳಿ, ತಾಂಬೂಲ ಹಿಡಿಯದೆ ಎದ್ದು ಹೋಗಿದ್ದರು. ಈ ಸಲ ಪೊಲೀಸಿನವನ ನೆರಳು ಬಾಗಿಲಿಗೆ ಬಿದ್ದರೂ ಮದ್ದೂರಿನ ಸಂಬಂಧ ಮುರಿಯುವುದು ಖಂಡಿತ.

ಮರಿಸಿದ್ದಯ್ಯನ ಕಾಫಿ ಹೋಟೆಲಿನಲ್ಲಿ ಸಂಜೆಯ ಹೊತ್ತಿಗೆ ದೊರೆಯ ಸುದ್ದಿಗೆ ಕೈಕಾಲು ಬಂದಿತ್ತು. ಚೆಂಡಿನೊಳಗೆ ಗಣಿಯ ಚಿನ್ನ ಇಟ್ಟು ಹೊಲಿದಿದ್ದಾರಂತೆ ಎಂದ ಒಬ್ಬ. ಚಿನ್ನವಲ್ಲ, ಪವರ್‌ಹೌಸಿನ ನಕ್ಷೆ, ಜಪಾನಿನವರಿಗೆ ಮಾರಲು ಇಟ್ಟದ್ದು ಎಂದ ಇನ್ನೊಬ್ಬ. ಮರಿಸಿದ್ದಯ್ಯ ಹಾಲು ಎತ್ತಿ ಸುರಿಯುತ್ತ ಮಾದಯ್ಯನ ಮುಖವನ್ನೇ ನೋಡುತ್ತಿದ್ದ.

"ಏನ್ಲಾ ಮಾದ, ನಿಮ್ಮಣ್ಣನ ಎಸ್ರು ಕೇಳ್ದನಂತಲ್ಲ ದೊರೆ?"

"ಲೋ, ಒನ್ನಯ್ಯ ಅಂತ ನಮ್ಮನೇಲಿ ಮಾತ್ರ ಎಸ್ರು ಮಡಗವ್ರಾ? ಕಾಪಿ ಕೊಡು ಸುಮ್ನೆ."

"ಏಳು ಸಮುದ್ರ ದಾಟ್ಕಂಡು ಅರ್ದೋದ ಚೆಂಡಿಗೆ ಬತ್ತಾನೇನ್ಲಾ ಯಾವನಾರ? ಏನೋ ಅದೆ ಕಣ್ಲಾ ಇದ್ರಾಗೆ."

ಮಾದಯ್ಯನಿಗೂ ಅದೇ ಅನುಮಾನ. ಅದೇನೆಂದು ತನಗೆ ಚೆನ್ನಾಗಿ ಗೊತ್ತು ಎಂದುಕೊಂಡಿದ್ದ. ಆಟದ ಸಾಮಾನು ಕೂಡಿಡುವುದು ಬರೀ ನೆಪ. ಚೆಂಡಿನ ಒಡೆಯ ತನ್ನ ಸಾಮಾನು ಹುಡುಕಲು ಮಗನನ್ನೋ ಅಳಿಯನನ್ನೋ ಕಳಿಸಿದ್ದಾನೆ, ನಗುನಗುತ್ತ ಕೇಳಿದರೆ ಈ ಜನ ತಾವಾಗಿ ತಂದು ಕೊಡುತ್ತಾರೆ, ಆಮೇಲೆ ಪೊಲೀಸರನ್ನು ಕರೆದರಾಯಿತು. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಮನೆಗೆ ಬಂದರೆ ಬೆಟ್ಟಮ್ಮನಿಗೆ ಸುದ್ದಿ ಆಗಲೇ ಮುಟ್ಟಿತ್ತು. ಮುದ್ದೆ ಬಡಿಸಿ ಎದುರಿಗೆ ಕೂತಳು.

"ಓದೋರು ಬಂದವ್ರೆ ಮಾದಯ್ಯ. ನಿಮ್ಮಣ್ಣ ಏಳಿದ್ದು ಇದ್ನೇಯ. ನಾಳೀಕೆ ಓಗಿ ತೋರ್ಸಾನ."

"ನಿಂಗೆ ಗ್ಯಾನ ಅದಾ ಅತ್ತಿಗಮ್ಮ? ಅದ್ರ ಮ್ಯಾಲೆ ಒಡೇನ ಎಸ್ರು ಬರ್ದದೆ. ತೋರಿಸ್ದೇಟ್ಗೆ ನಾವೇ ಕಳ್ರು ಅಂತ ಸೈ ಆಕಿ ಕೊಟ್ಟಂಗೆ."

ಅವನ ತರ್ಕ ನಮ್ಮ ಕಡೆಯ ಯಾರಿಗಾದರೂ ಸರಿಯೆಂದೇ ತೋರೀತು. ಹಿತ್ತಾಳೆ ತಂಬಿಗೆ ಕೊಂಡವರು ಮೊದಲು ಮಾಡುವ ಕೆಲಸ ಅದಕ್ಕೆ ಹೆಸರು ಕೆತ್ತಿಸುವುದು. ಮದುವೆಮನೆಯಲ್ಲಿ ಹತ್ತು ಮನೆಯ ಕೊಳದಪ್ಪಲೆಗಳು ಬೆರೆತುಹೋದರೂ ಹೆಸರು ನೋಡಿ ಅವರವರದನ್ನು ಅವರವರಿಗೆ ಮುಟ್ಟಿಸುತ್ತಾರೆ. ಪಾತ್ರೆ ಕದ್ದವನು ಮೊದಲು ಇಟ್ಟಿಗೆಚೂರಿನಿಂದ ಆ ಹೆಸರನ್ನೇ ಉಜ್ಜುತ್ತಾನೆ. ಸಾಮಾನಿನ ಮೇಲೆ ಹೆಸರಿದ್ದರೆ ಅದು ಒಡೆಯನ ಹೆಸರು, ಮಾದಯ್ಯನಿಗೆ ಅದರಲ್ಲಿ ಸಂದೇಹವೇ ಇರಲಿಲ್ಲ.

ಬೆಟ್ಟಮ್ಮ ನೀರಿನ ಚೊಂಬನ್ನು ಅವನ ಮುಂದಕ್ಕೆ ತಳ್ಳಿದಳು. "ಇದ್ರ ಮ್ಯಾಲೆ ಯಾರ್ ಎಸ್ರದೆ? ನನ್ ಮದ್ವೇಲಿ ನಮ್ಮಣ್ಣ ಮುಯ್ಯಿ ಕೊಟ್ಟಿದ್ದು. ನಮ್ಮಣ್ಣನ ಎಸ್ರೇ ಅದೆ. ಅಂಗಂತ ನಾನಿದ ಕದ್ಕಂಡು ಬಂದ್ನಾ?"

ಮಾದಯ್ಯ ಚೊಂಬನ್ನು ಪಕ್ಕಕ್ಕೆ ಸರಿಸಿದ. "ಮದ್ದೂರಿನೋರು ಎದ್ದೋದ್ರೆ ಪುಟ್ಟಮಾದಿಗೆ ನೀನ್ ಗಂಡು ತತ್ತೀಯ?" ಎಂದು ಕೈ ತೊಳೆದು ಎದ್ದ. ಅವಳು ಆಮೇಲೆ ಮಾತಾಡಲಿಲ್ಲ. ಅವಳ ಮೌನವನ್ನು ಅವನು ಒಪ್ಪಿಗೆ ಎಂದುಕೊಂಡ. ಈ ಮನುಷ್ಯ ತನ್ನ ಜನ್ಮದಲ್ಲಿ ಅತ್ತಿಗೆಯನ್ನು ಅರ್ಥ ಮಾಡಿಕೊಂಡವನಲ್ಲ.

ಮರುದಿನ ಮಧ್ಯಾಹ್ನ ಬೆಟ್ಟಮ್ಮ, ಪುಟ್ಟಮಾದಮ್ಮ ಇಬ್ಬರೂ ರಾಗಿ ಕೊಯ್ಯಲು ಹೋಗಿದ್ದಾಗ ಮಾದಯ್ಯ ಮೈ ಸರಿಯಿಲ್ಲವೆಂದು ಹೇಳಿ ಬಂಗಲೆಯಿಂದ ಬಂದ. ಕದ ಮುಂದಕ್ಕೆ ಮಾಡಿ, ಗುಡಾಣಕ್ಕೆ ಭುಜದ ತನಕ ಕೈಯಿಳಿಸಿ ಚೀಲ ಎಳೆದ. ಚೆಂಡನ್ನು ಹೊಳೆಗೆ ಎಸೆಯಬೇಕೆಂದು ಮೊದಲು ಅನ್ನಿಸಿತು. ಆದರೆ ಚೆಂಡಿಲ್ಲದ್ದನ್ನು ಬೆಟ್ಟಮ್ಮ ನೋಡಿದರೆ ಊರು ಕೂಡಿಸುತ್ತಾಳೆ. ಚೆಂಡು ಇರಲಿ, ಹೆಸರು ಹೋಗಲಿ. ಹೆಸರಿಲ್ಲದ ಪಾತ್ರೆಯನ್ನು ಯಾರ ಮನೆಯದೆಂದು ಯಾರು ಹೇಳಬಲ್ಲರು?

ಬೆಳಕಿಂಡಿಯ ಕೆಳಗೆ ಕೂತು ಅದನ್ನು ತಿರುಗಿಸಿ ನೋಡಿದ. ಇಷ್ಟು ವರ್ಷದಲ್ಲಿ ಅವನು ಅದನ್ನು ಸರಿಯಾಗಿ ನೋಡಿದ್ದೇ ಅಂದು. ಒಂದೇ ತುಂಡು ತೊಗಲನ್ನು ನಾಲ್ಕು ಎಸಳಾಗಿ ಸೀಳಿ, ಮಡಚಿ ಹೊಲಿದಿದ್ದರು. ನಾಲ್ಕೂ ಎಸಳಿನ ಮೇಲೆ ಕಂದಿದ ಮಸಿಯ ಬರಹವಿತ್ತು. ಒಂದರ ಮೇಲೆ ತುಂಬ ಹಳೆಯದು, ಮಿಕ್ಕವುಗಳ ಮೇಲೆ ಬೇರೆ ಬೇರೆ ಕೈಯ ಗೀಟುಗಳು. ಇಷ್ಟೊಂದು ಹೆಸರು ಯಾಕೆ ಎಂಬ ಪ್ರಶ್ನೆ ಒಂದು ಗಳಿಗೆ ಬಂದು ನಿಂತಿತು. ಒಬ್ಬ ಒಡೆಯನ ಸಾಮಾನಿಗೆ ಇಷ್ಟು ಹೆಸರು ಬೇಕೇ? ಅದನ್ನೂ ಅನುಮಾನವೇ ನುಂಗಿತು. ದೊಡ್ಡ ಸಾಮಾನು, ತುಂಬ ಜನ ಒಡೆಯರು ಎಂದುಕೊಂಡ.

ಹುಣಸೆಹಣ್ಣು ಕಲಸಿ ಹಚ್ಚಿದ. ಒಲೆಯ ಬೂದಿ ಹಾಕಿ ತೆಂಗಿನ ನಾರಿನಿಂದ ತಿಕ್ಕಿದ, ತಂಬಿಗೆ ಬೆಳಗಿದ ಹಾಗೆ. ಮಸಿ ಮೊದಲು ಕೆಂಪಾಯಿತು, ಆಮೇಲೆ ನೀರಾಯಿತು. ಗಟ್ಟಿಯಾಗಿ ಕೂತಿದ್ದ ಕಡೆ ತೊಗಲಿನ ಮೇಲ್ಪದರವೇ ಎದ್ದು ಬಂತು. ಅರ್ಧ ಗಂಟೆಯಲ್ಲಿ ಎಲ್ಲ ಹೋಯಿತು. ಬಿಸಿಲಿಗೆ ಹಿಡಿದು ಒಣಗಿಸಿ ಚೀಲಕ್ಕೆ ಹಾಕಿ ಗುಡಾಣದೊಳಗಿಟ್ಟ. ಆ ಮಧ್ಯಾಹ್ನ ಅವನು ಹಗುರಾಗಿ ಉಸಿರಾಡಿದ.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಮೂರನೆಯ ದಿನ ಬೆಳಗ್ಗೆ ಮಾದಯ್ಯ ದನಕ್ಕೆ ಹುಲ್ಲು ಹಾಕುತ್ತಿದ್ದಾಗ ಬೀದಿಯಲ್ಲಿ ಜೀಪಿನ ಸದ್ದಾಯಿತು. ಜೀಪಿನ ಹಿಂದಿನ ಸೀಟಿನಲ್ಲಿ, ಸೆರಗನ್ನು ಬಿಗಿಯಾಗಿ ಹೊದ್ದು, ದೊಡ್ಡಸ್ತಿಕೆಯಿಂದ ಕೂತಿದ್ದವಳು ಬೆಟ್ಟಮ್ಮ. ಹೊಲಕ್ಕೆಂದು ಹೊರಟವಳು ಬಂಗಲೆಗೆ ಹೋಗಿ, ಹೊನ್ನಯ್ಯನ ಹೆಂಡತಿ ನಾನೇ ಎಂದು ಹೇಳಿ ಕರೆತಂದಿದ್ದಳು.

ಬಾಗಿಲಲ್ಲಿ ಮಾದಯ್ಯನನ್ನು ಕಂಡು ಚಲುವರಾಜು ನಿಂತ. "ಹೊನ್ನಯ್ಯ ಅನ್ನೋನೇ ಇರಲಿಲ್ಲ ಅಂದೆಯಲ್ಲಪ್ಪ?"

"ಮರ್ತೋಗಿತ್ತು ಬುದ್ದಿ," ಎಂದ ಮಾದಯ್ಯ. ಇದಕ್ಕಿಂತ ಕೆಟ್ಟ ಉತ್ತರ ಹುಡುಕಿದರೂ ಸಿಗುತ್ತಿರಲಿಲ್ಲ.

ಬೆಟ್ಟಮ್ಮ ದೊರೆಯನ್ನು ಜಗಲಿಯ ಮೇಲೆ ಕೂರಿಸಿದಳು. ಬೀದಿಯಲ್ಲಿ ಆಗಲೇ ಜನ ಸೇರಿದ್ದರು, ಮರಿಸಿದ್ದಯ್ಯ ಹೋಟೆಲು ಬಿಟ್ಟು ಬಂದಿದ್ದ. ಅವಳು ಒಳಗಿನಿಂದ ಚೀಲ ತಂದು, ಬಿಚ್ಚದೆ, ಹಾಗೆಯೇ ದೊರೆಯ ಕೈಗೆ ಕೊಟ್ಟಳು. "ಓದಿ ಬುದ್ದಿ. ಎಲ್ರಿಗೂ ಕೇಳಂಗೆ ಓದಿ."

ಹೊಲಿಗೆ ಕಂಡೊಡನೆ ವಿಟ್ಮರನ ಮುಖ ಅರಳಿತು. ಎರಡು ಅಂಗೈಯಲ್ಲಿ ಹಿಡಿದು ಏನೇನೋ ಹೇಳಿದ, ಚಲುವರಾಜು ಹೇಳುತ್ತ ಹೋದ. ಎಂಬತ್ತು ವರ್ಷದ ಹಿಂದೆ ಈ ಆಟ ಅವರ ದೇಶದಲ್ಲಿ ಆಗತಾನೆ ಬೆಳೆಯುತ್ತಿತ್ತಂತೆ. ಆಗ ಚೆಂಡಿಗೆ ಕಾರ್ಖಾನೆ ಎಲ್ಲಿಯದು, ಊರೂರಿನ ಚಪ್ಪಲಿ ಹೊಲಿಯುವವರೇ ಕೈಯಲ್ಲಿ ಹೊಲಿದು ಕೊಡುತ್ತಿದ್ದರಂತೆ. ಒಂದರಂತೆ ಇನ್ನೊಂದಿಲ್ಲ. ಒಂದು ಪಂದ್ಯಕ್ಕೆ ಒಂದೇ ಚೆಂಡು. ಆಟವಾಡಿದವರು ಸತ್ತರು, ಚೆಂಡುಗಳನ್ನು ನಾಯಿಗಳು ಕಚ್ಚಿದವು, ಮಕ್ಕಳು ಕಳೆದರು. ಆ ಕಾಲದ ಆಟ ಹೇಗಿತ್ತೆಂದು ಹೇಳಲು ಈಗ ಉಳಿದಿರುವುದು ಬೆರಳೆಣಿಕೆಯ ಚೆಂಡುಗಳು, ಅವುಗಳ ಮೇಲಿನ ಬರಹ.

ಬರಹ ಎಂದೊಡನೆ ದೊರೆ ಚೆಂಡನ್ನು ತಿರುಗಿಸಿದ. ಇನ್ನೊಮ್ಮೆ ತಿರುಗಿಸಿದ. ಬಿಸಿಲಿಗೆ ಹಿಡಿದ. ಅವನ ಮುಖದ ನಗು ಹೋಯಿತು. ಅಂಗಿಯ ಜೇಬಿನಿಂದ ಒಂದು ಹಳೆಯ ಕಾಗದ ತೆಗೆದು ಚಲುವರಾಜುವಿನ ಕೈಗೆ ಕೊಟ್ಟ.

"ಇದು ಹಾರ್ಲೋ ಅನ್ನೋ ಎಂಜಿನಿಯರು ಇಲ್ಲಿಂದ ತನ್ನ ಹೆಂಡತಿಗೆ ಬರೆದ ಕಾಗದ," ಎಂದ ಚಲುವರಾಜು. "ಅವರ ಮಗಳ ಹತ್ತಿರ ಇವರು ಪಡೆದುಕೊಂಡರಂತೆ. ಓದ್ತೀನಿ ಕೇಳಿ." ಕನ್ನಡಕ ಸರಿಮಾಡಿಕೊಂಡು, ಕನ್ನಡಕ್ಕೆ ತಿರುಗಿಸುತ್ತ ನಿಧಾನವಾಗಿ ಓದಿದ.

"ನಿನ್ನೆ ನಾವು ಒಂಬತ್ತೂ ಜನ ಸೋತೆವು. ಕೊನೆಯ ಹೊಡೆತ ನನ್ನದೇ. ಹೊನ್ನಯ್ಯನೆಂಬ ಯುವಕ ಓಡಿ ಬಂದು ಬರಿಗೈಯಲ್ಲಿ ಹಿಡಿದ. ಸೋತವರು ಗೆದ್ದವರಿಗೆ ಚೆಂಡು ಒಪ್ಪಿಸಬೇಕೆಂಬುದು ನಮ್ಮ ಹಿರಿಯರ ಪದ್ಧತಿ. ಕೈಯಲ್ಲಿದ್ದದ್ದು ಅಪ್ಪ ತನ್ನ ಪ್ರಾಯದಲ್ಲಿ ಗೆದ್ದು ತಂದ ಚೆಂಡು, ಅದರ ಮೇಲೆ ಆ ಪಂದ್ಯದ ತಾರೀಖಿತ್ತು. ಅದನ್ನೇ ಕೊಟ್ಟೆ. 'ಗೆದ್ದವನು ಹೊನ್ನಯ್ಯ' ಎಂದು ನಾನು ಬರೆದೆ, ಕೆಳಗೆ ಒಂಬತ್ತೂ ಜನ ಸೋತವರು ಸಹಿ ಹಾಕಿದೆವು. ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಕಣ್ಣೀರು ನಮಗೆ ಕಾಣಬಾರದೆಂದು ದೂರದ ಮರದ ಕೆಳಗೆ ಹೋಗಿ ನಿಂತುಕೊಂಡ."

ಮಾದಯ್ಯನಿಗೆ ಆ ಹುಣಸೆಮರ ಕಂಡಿತು, ಅತ್ತಿತ್ತ ನೋಡಿದ ಅಣ್ಣ ಕಂಡ. ಅಳುವುದನ್ನು ಯಾರಾದರೂ ನೋಡಿದರೇನೋ ಎಂದು ನೋಡಿದ್ದ ಅವನು. ನೋಡಿದ್ದು ತಮ್ಮ.

ದೊರೆ ತಗ್ಗಿದ ದನಿಯಲ್ಲಿ ಏನೋ ಹೇಳಿದ. ಚಲುವರಾಜು ತಿರುಗಿಸಿ ಹೇಳಲು ಹಿಂದೆಮುಂದೆ ನೋಡಿದ. "ಅಮ್ಮ, ಬೇಜಾರು ಮಾಡಿಕೋಬೇಡಿ. ಈ ಚೆಂಡಿನ ಮೇಲೆ ಒಂದು ಅಕ್ಷರವೂ ಇಲ್ಲ. ಇದು ಆ ಚೆಂಡಲ್ಲ ಅಂತ ಇವರಿಗೆ ಅನುಮಾನ. ನಿಜವಾದ್ದನ್ನ ಯಾರಿಗೋ ಮಾರಿ, ಬೇರೆ ಯಾವುದನ್ನೋ ತೋರಿಸ್ತಿದ್ದೀರ ಅಂತ."

"ಅಕ್ಸರ ಇಲ್ವಾ?" ಬೆಟ್ಟಮ್ಮ ಚೆಂಡನ್ನು ಕಿತ್ತುಕೊಂಡಂತೆ ತೆಗೆದುಕೊಂಡಳು. ಬೆರಳಾಡಿಸಿದಳು. "ಮಾರ್ನಮಿ ದಿನ ಇತ್ತಲ್ಲ. ನನ್ ಕೈಯಾರ ಊವು ಮಡಗಿದ್ನಲ್ಲ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. "ಕಳ್ರ ಮನೇಲಿ ಇನ್ನೇನ್ ಸಿಕ್ಕಾತು," ಎಂದ ಮರಿಸಿದ್ದಯ್ಯ.

ಮಾದಯ್ಯ ಬಾಯಿ ಮುಚ್ಚಿಕೊಂಡಿದ್ದರೆ ಉಳಿದುಕೊಳ್ಳುತ್ತಿದ್ದ. ಮುದುಕಿ ಮಾರಿಕೊಂಡಳು ಎನ್ನುತ್ತಿದ್ದರು, ಜೀಪು ಹೋಗುತ್ತಿತ್ತು. ಅಂದು ಅಣ್ಣನ ಮೇಲೆ ಬಿದ್ದದ್ದು ಇಂದು ಅತ್ತಿಗೆಯ ತಲೆಗೆ ಬರುತ್ತಿತ್ತು. ಅವನು ಬೆಟ್ಟಮ್ಮನ ಬೆರಳುಗಳನ್ನು ನೋಡಿದ. ಅವು ಇನ್ನೂ ಅಕ್ಷರ ಹುಡುಕುತ್ತಿದ್ದವು.

"ಅವ್ಳು ಮಾರ್ನಿಲ್ಲ ಬುದ್ದಿ," ಎಂದ. "ಅದೇ ಚೆಂಡು. ಉಣಸೇಅಣ್ಣು ಆಕಿ ನಾನೇ ಉಜ್ಬುಟ್ಟೆ, ನಿನ್ನೆ. ಒಡೇನ ಎಸ್ರು ಅನ್ಕಂಡೆ. ನಮ್ಮಣ್ಣನ ಎಸ್ರು ಅಂತ ಗೊತ್ತಿರ್ನಿಲ್ಲ." ಇನ್ನೂ ಒಂದು ಉಳಿದಿತ್ತು, ಅದನ್ನೂ ಹೇಳಿದ. "ಅವತ್ತು ನಮ್ಮಪ್ಪನ್ಗೆ ಚಾಡಿ ಏಳಿದ್ದೂ ನಾನೇಯ."

ಚಲುವರಾಜು ಅದನ್ನು ಇಂಗ್ಲಿಷಿಗೆ ತಿರುಗಿಸಿದ. ದೊರೆ ಮಾದಯ್ಯನನ್ನೇ ನೋಡಿದ. ಆ ನೋಟದಲ್ಲಿ ನಂಬಿಕೆ ಇರಲಿಲ್ಲ. ಇರುವುದಾದರೂ ಹೇಗೆ? ಹೊನ್ನಯ್ಯನೇ ಇಲ್ಲ ಎಂದ ಬಾಯಿ, ಮರೆತುಹೋಗಿತ್ತು ಎಂದ ಬಾಯಿ ಇದೇ. ನಲವತ್ತಮೂರು ವರ್ಷ ಎಲ್ಲರನ್ನೂ ಅನುಮಾನಿಸಿದವನು ಒಮ್ಮೆ ನಿಜ ಹೇಳಿದ ದಿನ ಅದನ್ನು ಕೊಳ್ಳುವವರಿರಲಿಲ್ಲ.

ಬೆಟ್ಟಮ್ಮ ಮೈದುನನ ಕಡೆ ತಿರುಗಿ ನೋಡಲಿಲ್ಲ. ಚೆಂಡನ್ನು ಜಗಲಿಯ ಮೇಲಿಟ್ಟು ಒಳಗೆ ಹೋದಳು. ರಂಗೋಲಿಯ ಮರದ ಬಟ್ಟಲು ತಂದು, ಬಾಗಿಲ ಮುಂದಿನ ನೆಲಕ್ಕೆ ನೀರು ಚಿಮುಕಿಸಿ, ಕುಕ್ಕರುಗಾಲಿನಲ್ಲಿ ಕೂತಳು. ಬೆರಳ ಸಂದಿಯಿಂದ ಪುಡಿ ಇಳಿಯಿತು. ಮೇಲೊಂದು ಉದ್ದನೆಯ ಸಾಲು, ಅದರ ಕೆಳಗೆ ಒಂದಾದ ಮೇಲೊಂದು ಗೀಟುಗಳು, ಸುತ್ತುಗಳು, ಚುಕ್ಕೆಗಳು. ಓದು ಬಾರದವಳು ನಲವತ್ತಮೂರು ಮಹಾನವಮಿಗಳಲ್ಲಿ ಬೆರಳಿನಿಂದ ಕಲಿತದ್ದನ್ನು ಒಂದೂ ತಪ್ಪದೆ ಬಿಡಿಸಿದಳು. ಒಂಬತ್ತನೆಯ ಗೀಟಿನ ಕೊನೆಯನ್ನು ಎಳೆದು, ಹಿಂದಕ್ಕೆ ತಿರುಗಿಸಿ, ಎರಡು ಸುತ್ತು ಸುತ್ತಿ ನಿಲ್ಲಿಸಿದಳು.

ಚಲುವರಾಜು ಬಗ್ಗಿ ಮೇಲಿನ ಸಾಲು ಓದಿದ. "ಹೊನ್ನಯ್ಯ ಅಂತಲೇ ಇದೆ," ಎಂದ, ಯಾರಿಗೆಂದಿಲ್ಲದೆ.

ವಿಟ್ಮರ್ ಕಾಗದದ ಕೊನೆಯ ಹಾಳೆ ತೆರೆದು ನೆಲದ ಪಕ್ಕಕ್ಕೆ ಹಿಡಿದ. ಹಾರ್ಲೋ ತನ್ನ ಹೆಂಡತಿಗೆ ಹಾಕಿದ ಸಹಿಯ ಬಾಲ ಹಿಂದಕ್ಕೆ ತಿರುಗಿ ಎರಡು ಸುತ್ತು ಸುತ್ತಿತ್ತು. ರಂಗೋಲಿಯಲ್ಲೂ ಎರಡೇ ಸುತ್ತು. ದೊರೆ ಟೋಪಿ ತೆಗೆದು ಮೊಣಕಾಲೂರಿ, ಆ ರಂಗೋಲಿಯನ್ನು ಗೀಟು ಗೀಟಾಗಿ ಪುಸ್ತಕಕ್ಕೆ ಇಳಿಸಿಕೊಂಡ. ಮರಿಸಿದ್ದಯ್ಯ ಹೋಟೆಲಿನಲ್ಲಿ ಹಾಲು ಉಕ್ಕುತ್ತದೆಂದು ಹೊರಟುಹೋದ.

ಬರಹ ಅಳಿದರೂ ಹೊಲಿಗೆ ಉಳಿದಿದೆ, ಅಂಥ ಹೊಲಿಗೆಯ ಚೆಂಡು ಸಿಗುವುದಿಲ್ಲ, ಕೊಡುತ್ತೀರಾ, ಏನು ಕೇಳಿದರೂ ಕೊಡುತ್ತೇನೆ ಎಂದು ದೊರೆ ಹೇಳಿಸಿದ.

"ಗೆದ್ದೋರಿಗೆ ಸೇರ್ಬೇಕಾದ್ದು ಅಂತ ನಿಮ್ಮ ಕಾಗ್ದಾನೇ ಏಳ್ತಲ್ಲ ಬುದ್ದಿ," ಎಂದಳು ಬೆಟ್ಟಮ್ಮ. "ಇದು ಗೆದ್ದೋರ ಮನೆ."

ದೊರೆ ಅದನ್ನು ಕೇಳಿ ತಲೆಯಾಡಿಸಿದ, ಮತ್ತೆ ಕೇಳಲಿಲ್ಲ. ಹೊರಡುವಾಗ ಚಲುವರಾಜು, ಬೇಕಿದ್ದರೆ ಕಾಗದದಲ್ಲಿದ್ದುದನ್ನು ಕನ್ನಡದಲ್ಲಿ ಬರೆದುಕೊಡುತ್ತೇನೆ, ಮದ್ದೂರಿನ ಬೀಗರಿಗೆ ತೋರಿಸಬಹುದು ಎಂದ. ಮಾದಯ್ಯ ಆಸೆಯಿಂದ ಒಂದು ಹೆಜ್ಜೆ ಮುಂದಿಟ್ಟ.

"ಕಾಗ್ದ ಬ್ಯಾಡ ಬುದ್ದಿ," ಎಂದಳು ಬೆಟ್ಟಮ್ಮ. "ಬಾಯಿಂದ ಕಳ್ದೋದ ಮಾನ. ಆ ಬಾಯಿಂದ್ಲೇ ಬರ್ಲಿ."

ಸೋಮವಾರ ಮಾದಯ್ಯ ಚೀಲ ಹಿಡಿದು ಬಸ್ಸು ಹತ್ತಿದ. ಮಳವಳ್ಳಿ ದಾಟಿ ಮದ್ದೂರು ಮುಟ್ಟುವ ತನಕ ಏನು ಹೇಳಬೇಕೆಂದು ಹತ್ತು ಸಲ ಜೋಡಿಸಿದ, ಹತ್ತು ಸಲವೂ ಅದು ಹದಿಮೂರರ ಹುಡುಗನ ಮಾತಿನ ಹಾಗೇ ಕೇಳಿಸಿತು. ರಾಮಲಿಂಗಯ್ಯನವರು ಜಗಲಿಯಲ್ಲಿ ಕೂರಿಸಿ ನೀರು ತರಿಸಿಕೊಟ್ಟರು. ಅವರಿಗೂ ಚೆಂಡಿನ ಮಾತು ಯಾವ ಕಡೆಯಿಂದಲೋ ಮುಟ್ಟಿತ್ತು, ಮುಖದಲ್ಲೇ ಕಾಣುತ್ತಿತ್ತು. ಮಾದಯ್ಯ ಚೀಲ ಬಿಚ್ಚಿ ಚೆಂಡನ್ನು ಅವರ ಮುಂದಿಟ್ಟ.

"ನಮ್ಮಣ್ಣ ಗೆದ್ದಿದ್ದು ಇದೇಯ."

ರಾಮಲಿಂಗಯ್ಯ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿದರು. ಸುಲಿದ ತೊಗಲಿನ ಮೇಲೆ ಹೆಬ್ಬೆರಳು ಎಳೆದರು. "ಗೆದ್ದಿದ್ದು ಅಂತ ಯಾರೇಳ್ಬೇಕು? ಇದ್ರ ಮ್ಯಾಲೆ ಏನೂ ಇಲ್ವಲ್ಲ ಮಾದಯ್ಯ."

"ಇತ್ತು," ಎಂದ ಮಾದಯ್ಯ. "ನಲವತ್ತಮೂರು ವರ್ಸ ಇತ್ತು. ಎಂಗೋಯ್ತು ಅಂತ ಏಳಕ್ಕೇ ನಾನು ಬಂದಿರಾದು."